ಮೂಡಗಾಳಿಗೆ ಎದುರಾಗಿ ಹತ್ತು ಕಿಲೋಮೀಟರ್

ಧಾರವಾಡದ ಟೋಲ್ ನಾಕಾ ಬಳಿ ನಮ್ಮ ಮನೆ, ಹುಬ್ಬಳ್ಳಿ ದಾರಿಯ ನವನಗರದಲ್ಲಿ ನನ್ನ ಕೆಲಸ. ಸುಮಾರು 10 ಕಿಲೋಮೀಟರ್ ದಾರಿ. ಏಳೂವರೆಯ ಪಾಳಿಗೆ ಬೆಳಗ್ಗೆ 6.40ಕ್ಕೆ ಸೈಕಲ್ ಹತ್ತುತ್ತೇನೆ. ಮೊದಲ ವರ್ಷ ದೀಪಾವಳಿ ಮುಗಿದದ್ದೇ ಸೈಕಲ್ ಒಳಗಿಟ್ಟು ಬಸ್ ಹಿಡಿದಿದ್ದೆ. ಈಗ ವರ್ಷದಲ್ಲೇ ನನಗೆ ಅತಿ ಇಷ್ಟದ ಸವಾರಿ ಚಳಿಗಾಲದ್ದು. ಕಾರಣ, ಗಾಳಿ.

ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ. ನಡುವೆ ಏರಿಳಿತಗಳಿದ್ದರೂ ಒಟ್ಟಿನಲ್ಲಿ ಹೋಗುವಾಗ ಇಳಿಜಾರು, ಬರುವಾಗ ಏರು. ಮಳೆಗಾಲದಲ್ಲಿ ಪಡುವಣ ಗಾಳಿ; ಸಂಜೆ ದಣಿದು ಬರುವಾಗ ಏರೂ ಎದುರು, ಗಾಳಿಯೂ ಎದುರು. ಚಳಿಗಾಲದ ಮೂಡಗಾಳಿ ಬೆಳಗ್ಗೆ ಎದೆಗೆ ಹೊಡೆಯುತ್ತದೆ ನಿಜ, ಆದರೆ ಆಗ ಇಳಿಜಾರು ಕೈಹಿಡಿಯುತ್ತದೆ. ಸಂಜೆ ಏರು ಬಂದಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ನವಲೂರಿನ ಪೇರಲದ ಬುಟ್ಟಿಗಳ ಮುಂದೆ ನಿಂತು ಹಣ್ಣು ಆರಿಸುವಷ್ಟು ಉಸಿರು ಉಳಿದಿರುತ್ತದೆ.

ಆರಂಭದಲ್ಲಿ ನಾನು ತಪ್ಪಿದ್ದು ಬಟ್ಟೆಯಲ್ಲಿ. ಮನೆಯಲ್ಲಿ ನಿಂತಾಗ ಬೆಚ್ಚಗಿರುವಷ್ಟು ಹಾಕಿಕೊಂಡು ಹೊರಡುತ್ತಿದ್ದೆ. ಸತ್ತೂರು ತಲುಪುವಷ್ಟರಲ್ಲಿ ಬನಿಯನ್ ಒದ್ದೆ; ಸಿಗ್ನಲ್‌ನಲ್ಲಿ ನಿಂತರೆ ಆ ಒದ್ದೆಗೆ ಗಾಳಿ ತಾಗಿ ನಡುಕ. ಈಗ ಸ್ವೆಟರ್ ಇಲ್ಲ. ಅಂಗಿಯ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್, ಎರಡರ ನಡುವೆ ಎದೆಗೆ ಹಿಂದಿನ ದಿನದ ಪತ್ರಿಕೆಯ ಎರಡು ಹಾಳೆ. “ಹೀಗೆ ಹೋಗಿ ನೆಗಡಿ ತಂದುಕೊಳ್ಳಬೇಡ” ಎಂದು ಅವ್ವ ಇಂದಿಗೂ ಬಾಗಿಲಲ್ಲಿ ನಿಂತು ಗದರುತ್ತಾಳೆ. ಮೊದಲ ಐದು ನಿಮಿಷ ಚಳಿ ಆಗಲೇಬೇಕು. ಆಗದಿದ್ದರೆ ಬಟ್ಟೆ ಹೆಚ್ಚಾಯಿತೆಂದೇ ಲೆಕ್ಕ.

ಕೈಗಳ ಮಾತು ಬೇರೆ. ಕಾಲಿನಂತೆ ಅವು ದುಡಿಯುವುದಿಲ್ಲ, ಬೆಚ್ಚಗಾಗುವುದೂ ಇಲ್ಲ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಉಣ್ಣೆಯ ಕೈಗವಸಿನೊಳಗೆ ಗಾಳಿ ನುಗ್ಗುತ್ತದೆ, ರೆಕ್ಸಿನ್‌ನದು ತೆಗೆದುಕೊಳ್ಳಿ. ಕನ್ನಡಕ ಹಾಕುವವರು ಮಫ್ಲರನ್ನು ಮೂಗಿನ ಕೆಳಗೆ ಇಳಿಸಿ ಕಟ್ಟಬೇಕು, ಇಲ್ಲವಾದರೆ ಉಸಿರಿಗೆ ಗಾಜು ಮಸುಕಾಗುತ್ತದೆ.

ಸೈಕಲ್‌ಗೆ ಹೆಚ್ಚೇನೂ ಬೇಡ. ಚಳಿಗೆ ಗಾಳಿ ಕುಗ್ಗಿ ಟೈರ್ ಮೆತ್ತಗಾಗುತ್ತದೆ, ವಾರಕ್ಕೊಮ್ಮೆ ಪಂಪ್ ಹೊಡೆಯುತ್ತೇನೆ. ಚೈನಿಗೆ ಎಣ್ಣೆ ಬಿಟ್ಟು ಹಾಗೇ ಹೋಗುತ್ತಿದ್ದ ನನಗೆ ರಿಪೇರಿ ಅಂಗಡಿಯ ಕಾಕಾ ಕಲಿಸಿದ್ದು: ಬಿಟ್ಟ ಎಣ್ಣೆಯನ್ನು ಮೇಲಿನಿಂದ ಒರೆಸಿಬಿಡಬೇಕು, ಇಲ್ಲವಾದರೆ ಈ ಒಣಹವೆಯ ಧೂಳೆಲ್ಲ ಅಲ್ಲೇ ಅಂಟುತ್ತದೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಚಳಿಯದಲ್ಲ, ಸೂರ್ಯನದು. ಜನವರಿಯಲ್ಲಿ ಇಲ್ಲಿ ಬೆಳಗಾಗುವುದು ಏಳರ ಹೊತ್ತಿಗೆ. ಆಗ ಸೂರ್ಯ ಹುಟ್ಟುವುದು ಆಗ್ನೇಯದ ಕಡೆಗೆ. ಹುಬ್ಬಳ್ಳಿಯ ರಸ್ತೆ ಸಾಗುವುದೂ ಅದೇ ದಿಕ್ಕಿಗೆ. ನನ್ನ ಕಣ್ಣಿಗೆ ಕುಕ್ಕುವ ಬಿಸಿಲು ನನ್ನ ಹಿಂದೆ ಬರುವ ಚಾಲಕನ ಕಣ್ಣಿಗೂ ಕುಕ್ಕುತ್ತದೆ, ಮೇಲೆ ಮಂಜು ಬೇರೆ. ಒಮ್ಮೆ ಹತ್ತಿಯ ಟ್ರಾಕ್ಟರ್ ಟ್ರೇಲರ್ ನನ್ನ ಹ್ಯಾಂಡಲ್ ಸವರಿಕೊಂಡು ಹೋಯಿತು. “ಕಾಣಲೇ ಇಲ್ಲ ಅಣ್ಣಾ” ಎಂದ ಆ ಹುಡುಗ ಸುಳ್ಳು ಹೇಳಿರಲಿಲ್ಲ. ಅಂದಿನಿಂದ ಹಿಂದಿನ ಕೆಂಪು ದೀಪವನ್ನು, ಬೆಳಕು ಹರಿದಿದ್ದರೂ, ಸೈಕಲ್ ನಿಲ್ಲಿಸಿದ ಮೇಲೆಯೇ ಆರಿಸುತ್ತೇನೆ.