ಬಿದ್ರಿ ಹೂಜಿಗೆ ಯಾವ ರೋಲ್, ಬಣ್ಣದ ಬುಗುರಿಗೆ ಯಾವುದು?

ಕೈಕೆಲಸದ ವಸ್ತುಗಳ ಫೋಟೊ ಫಿಲಂನಲ್ಲೇ ತೆಗೆಯಬೇಕು ಅಂತ ಹಟವಾ? ಸರಿ. ಅಂಗಡಿಗೆ ಹೋಗಿ ರೋಲ್ ಕೇಳುವ ಮೊದಲು ಮನೆಯಲ್ಲೇ ಒಂದು ವಿಷಯ ತೀರ್ಮಾನಿಸಿ. ಫೋಟೊ ತೆಗೆಯುವುದು ಯಾವ ಬೆಳಕಿನಲ್ಲಿ?

ನಾನು ಇದನ್ನು ಕಲಿತದ್ದು 36 ಫೋಟೊ ಹಾಳಾದ ಮೇಲೆ. ಚನ್ನಪಟ್ಟಣದ ಬುಗುರಿ, ಗಿಲಕಿಗಳನ್ನು ಬಿಳಿ ಪಂಚೆಯ ಮೇಲೆ ಜೋಡಿಸಿ, ರಾತ್ರಿ ಹಳೇ ಕಾಲದ ಬಲ್ಬಿನಡಿ ಸ್ಲೈಡ್ ಫಿಲಂನಲ್ಲಿ (ತೊಳೆದಾಗ ಫಿಲಂ ಮೇಲೇ ನಿಜಬಣ್ಣದ ಚಿತ್ರ ಸಿಗುವಂಥದ್ದು) ತೆಗೆದಿದ್ದೆ. ತೊಳೆಸಿ ತಂದಾಗ ಪಂಚೆ ಅರಿಶಿನದಲ್ಲಿ ಅದ್ದಿದ ಹಾಗಿತ್ತು! ಈಗ ಸಿಗುವ ಬಹುತೇಕ ಕಲರ್ ಫಿಲಂಗಳು ಹಗಲು ಬೆಳಕಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ, ಹೊಂದಿಸಿದವು. ಕೆಲ್ವಿನ್ ಅಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. ಆ ಬಲ್ಬುಗಳದ್ದು 3000ದ ಆಸುಪಾಸು. ಆ ಹಳದಿ ಕಳೆಯಲು ಲೆನ್ಸಿಗೆ 80ಎ ನೀಲಿ ಫಿಲ್ಟರ್ ಹಾಕಬಹುದು, ಆದರೆ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು ಇಲ್ಲವೇ ಎರಡರಷ್ಟಾಗುವುದು). ಸುಮ್ನೆ ಹಗಲಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಇಟ್ಟುಬಿಡಿ. ನೆರಳಿನ ಕಡೆಗೂ ಬೆಳಕು ವಾಪಸ್ ಬೀಳಲಿ ಅಂತ ಅಲ್ಲಿ ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ.

ಎರಡನೆಯದು ಸ್ಪೀಡ್, ಅಂದರೆ ಫಿಲಂ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವುದು. ಅದರ ಅಳತೆಯೇ ಐಎಸ್‌ಒ. ಬುಗುರಿ ಎದ್ದು ಓಡಲ್ಲ, ಅಲ್ವಾ? ಟ್ರೈಪಾಡ್ ಇದ್ದರೆ ಐಎಸ್‌ಒ 100 ಸಾಕು. 400ರ ರೋಲ್‌ನಲ್ಲಿ ಕಾಳು, ಅಂದರೆ ಚಿತ್ರದಲ್ಲಿ ಕಾಣುವ ಮರಳಿನಂಥ ಚುಕ್ಕೆ, ಜಾಸ್ತಿ.

ಇನ್ನು ಸ್ಲೈಡೋ, ಬಣ್ಣ ತಿರುಗುಮುರುಗಾಗಿ ಮೂಡಿ ಆಮೇಲೆ ಪ್ರಿಂಟ್ ಹಾಕಿಸುವ ನೆಗೆಟಿವೋ? ಎಕ್ಟಾಕ್ರೋಮ್ ಇ100 ಥರದ ಸ್ಲೈಡ್‌ನಲ್ಲಿ ಬಣ್ಣ ಸ್ವಚ್ಛವಾಗಿ ಬರುತ್ತದೆ, ಆದರೆ ಎಕ್ಸ್‌ಪೋಶರ್ (ಫಿಲಂ ಮೇಲೆ ಬೀಳುವ ಬೆಳಕು) ಅರ್ಧ ಸ್ಟಾಪ್ ತಪ್ಪಿದರೂ ಗೊತ್ತಾಗಿಬಿಡುತ್ತದೆ. ವೆಲ್ವಿಯಾ 50 ಸ್ಲೈಡ್ ನೋಡೋಕೆ ಚೆಂದ. ಆದರೆ ಕುಶಲಕರ್ಮಿ ಹಚ್ಚಿದ ಅರಗಿನ ಕೆಂಪಿಗೆ ಅದು ತನ್ನದೂ ಒಂದಿಷ್ಟು ಕೆಂಪು ಸೇರಿಸುತ್ತದೆ. ಕೊಳ್ಳುವವರಿಗೆ ತೋರಿಸುವ ಫೋಟೊಗೆ ನಾನಂತೂ ಬಳಸಲ್ಲ. ಮೊದಲ ಸಲ ತೆಗೆಯುವವರಿಗೆ ಪೋರ್ಟ್ರಾ 160 ನೆಗೆಟಿವ್ ಒಳ್ಳೆಯದು. ಒಂದು ಸ್ಟಾಪ್ ಬೆಳಕು ಹೆಚ್ಚಾದರೂ ಸಹಿಸಿಕೊಳ್ಳುತ್ತದೆ. ಸ್ಲೈಡೇ ಬೇಕು ಅನ್ನುವವರು ತೊಳೆಯುವ ಲ್ಯಾಬ್ ಎಲ್ಲಿದೆ ಅಂತ ಮೊದಲು ವಿಚಾರಿಸಿ, ಆಮೇಲೆ ರೋಲ್ ಕೊಳ್ಳಿ.

ಬೀದರಿನ ಬಿದ್ರಿ ಕೆಲಸದ ಕಥೆಯೇ ಬೇರೆ. ಸತು, ತಾಮ್ರ ಬೆರೆಸಿದ ಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದ ನೀರಿನಲ್ಲಿ ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇರುವುದೇ ಕಪ್ಪು-ಬಿಳುಪು, ಹಾಗಾಗಿ ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲಂ ಹಾಕಿ. ಐಎಸ್‌ಒ 125, ತೊಳೆಯುವುದೂ ಸುಲಭ. ಬೆಳಕು ಅಳೆಯುವ ಕ್ಯಾಮೆರಾ ಮೀಟರ್ ಮಾತ್ರ ಇಲ್ಲಿ ಮೋಸ ಹೋಗುತ್ತದೆ. ಕಪ್ಪು ಕಂಡ ತಕ್ಷಣ ಬೆಳಕು ಹೆಚ್ಚಿಸಿ ಅದನ್ನು ಬೂದು ಮಾಡುತ್ತದೆ. ಹೂಜಿ ಇಟ್ಟ ಜಾಗದಲ್ಲೇ 18 ಪರ್ಸೆಂಟ್ ಗ್ರೇ ಕಾರ್ಡ್ (ಬೆಳಕು ಅಳೆಯಲೆಂದೇ ಮಾಡಿದ ಬೂದು ರಟ್ಟು) ಹಿಡಿದು ಅಳೆಯಿರಿ.

ಬೆಳ್ಳಿಯ ಹೂಬಳ್ಳಿ ಬೆಳ್ಳಗೆ ಕಾಣಬೇಕಾದರೆ ಅದರೊಳಗೆ ಬಿಳಿ ಏನಾದರೂ ಪ್ರತಿಬಿಂಬವಾಗಿ ಮೂಡಬೇಕು. ಎದುರಿಗೆ ಕತ್ತಲ ಕೋಣೆ ಇದ್ದರೆ ಬೆಳ್ಳಿಯೂ ಕಪ್ಪೇ. ಥರ್ಮೋಕೋಲ್ ಹಾಳೆಯನ್ನು ನಿಧಾನವಾಗಿ ತಿರುಗಿಸುತ್ತಾ ವ್ಯೂಫೈಂಡರ್‌ನಲ್ಲಿ ನೋಡಿ, ಒಂದು ಕೋನದಲ್ಲಿ ಬಳ್ಳಿ ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಅಲ್ಲೇ ನಿಲ್ಲಿಸಿ, ಕ್ಲಿಕ್ ಮಾಡಿ. ಆವತ್ತು ಬಿಳಿ ಅಂಗಿ ಮಾತ್ರ ಹಾಕಬೇಡಿ, ಹೂಜಿಯ ಹೊಟ್ಟೆಯಲ್ಲಿ ನೀವೂ ಕಾಣುತ್ತೀರಿ.