ಗೋದಲಿಯಲ್ಲಿ ಬೆಕ್ಕಿಗೂ ಒಂದು ಜಾಗ: ಕ್ರಿಸ್ಮಸ್ ತಯಾರಿ ಹೀಗಿರಲಿ

ಡಿಸೆಂಬರ್ ಬಂತೆಂದರೆ ಕಾಸರಗೋಡಿನ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಿಂದಿನಿಂದಲೇ ಬೆಕ್ಕೂ ಇಳಿಯುತ್ತದೆ. ಪೆಟ್ಟಿಗೆ ಖಾಲಿಯಾದ ಕೂಡಲೇ ಒಳಗೆ ಹೋಗಿ ಕೂತುಬಿಡುತ್ತದೆ. "ಅದನ್ನೊಮ್ಮೆ ಹೊರಗೆ ಹಾಕಿ ಮಾರಾಯ್ರೆ" ಎಂಬ ಕೂಗು ಆಗಲೇ ಶುರು. ಆಮೇಲೆ ಹಬ್ಬ ಮುಗಿಯುವ ತನಕ ಪಾಪದ ಪ್ರಾಣಿ ಸೌದೆ ಕೊಟ್ಟಿಗೆಯಲ್ಲಿ ದಿನ ಕಳೆಯಬೇಕು.

ಇದು ನನಗೆ ಸರಿ ಕಾಣುವುದಿಲ್ಲ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡಿದಾಗ ಜೀವಂತ ಎತ್ತನ್ನೂ ಕತ್ತೆಯನ್ನೂ ತಂದು ನಿಲ್ಲಿಸಿದ್ದರು. ಪ್ರಾಣಿಗಳು ಅಂದಿನಿಂದಲೇ ಈ ಹಬ್ಬದ ಒಳಗಿವೆ. ಬೆಕ್ಕಿನ ಸ್ವಭಾವ ನೋಡಿಕೊಂಡು ತಯಾರಿ ಮಾಡಿದರೆ ಅದು ಎಲ್ಲ ಕೆಲಸದಲ್ಲೂ ನಮ್ಮ ಜೊತೆಗೇ ಇರಬಹುದು. ಮನೆಯೂ ಹಾಳಾಗದು, ಬೆಕ್ಕಿಗೂ ತೊಂದರೆಯಾಗದು.

ಮೊದಲ ಕೆಲಸ: ಪೈರು ಬಿತ್ತುವಾಗ ಬೆಕ್ಕಿನ ಪಾಲನ್ನೂ ಬಿತ್ತಿ

ಗೋದಲಿಯ ಗದ್ದೆಗೆ ನಾವು ಭತ್ತ, ರಾಗಿ, ಗೋಧಿ ಮೊಳಕೆ ಬರಿಸುತ್ತೇವಲ್ಲ, ಅದನ್ನು ಡಿಸೆಂಬರ್ 12-13ರ ಹೊತ್ತಿಗೆ ಬಿತ್ತಿದರೆ ಹಬ್ಬಕ್ಕೆ ಹಸಿರಾಗಿ ನಿಲ್ಲುತ್ತದೆ. ಬೆಕ್ಕಿಗೆ ಹುಲ್ಲು ಅಂದರೆ ಬಲು ಇಷ್ಟ. ಗೋದಲಿಯ ಪೈರನ್ನು ಅದು ಮೇಯದೆ ಬಿಡುವುದಿಲ್ಲ. ಹಾಗಾಗಿ ಎರಡು ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಬೇರೆಯೇ ಗೋಧಿ ಬಿತ್ತಿ, ಅದರ ಪಾಲಿಗೆ ಇಡಿ. ಗೋಧಿಯನ್ನು ಒಂದು ರಾತ್ರಿ ನೆನೆಹಾಕಿ. ಗೆರಟೆಗೆ ಮಣ್ಣು ಅಥವಾ ತೆಂಗಿನ ನಾರಿನ ಹುಡಿ ತುಂಬಿ, ಮೇಲೆ ಕಾಳು ಹರಡಿ, ದಿನಾ ನೀರು ಚಿಮುಕಿಸಿ. ಒಂದು ವಾರದಲ್ಲಿ ಬೆರಳುದ್ದ ಬರುತ್ತದೆ.

ಕಾಳು ಅಡುಗೆಮನೆಯ ಡಬ್ಬದ್ದೇ ಆಗಿರಲಿ. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧಿ ಸವರಿರುತ್ತಾರೆ. ಗೊಬ್ಬರವೂ ಬೇಡ. ಹುಲ್ಲು ತಿಂದ ಬೆಕ್ಕು ಒಮ್ಮೊಮ್ಮೆ ವಾಂತಿ ಮಾಡುತ್ತದೆ. ಅಪರೂಪಕ್ಕೊಮ್ಮೆ ಆದರೆ ಗಾಬರಿಪಡಬೇಕಾಗಿಲ್ಲ.

ಮರ ನಿಲ್ಲಿಸುವುದು

ನಮ್ಮ ಕರಾವಳಿಯಲ್ಲಿ ಕ್ರಿಸ್ಮಸ್ ಮರವೆಂದರೆ ಹೆಚ್ಚಾಗಿ ಗಾಳಿಮರದ ಗೆಲ್ಲು, ಅಂದರೆ ಕೊಂಬೆ. ಅದನ್ನು ಬಾಲ್ದಿಯಲ್ಲಿ ಹೊಯ್ಗೆ (ಮರಳು) ತುಂಬಿ ನಿಲ್ಲಿಸುತ್ತೇವೆ. ಬೆಕ್ಕಿರುವ ಮನೆಯಲ್ಲಿ ಹೊಯ್ಗೆ ಕಂಡರೆ ಏನಾಗುತ್ತದೆಂದು ಗೊತ್ತಲ್ವಾ? ಅದು ಕೆರೆದು ಅಲ್ಲೇ ತನ್ನ ಕೆಲಸ ಮುಗಿಸುತ್ತದೆ. ಹೊಯ್ಗೆಯ ಮೇಲೆ ಕೆಂಪುಕಲ್ಲಿನ ಚೂರುಗಳನ್ನು ಒತ್ತೊತ್ತಾಗಿ ಜೋಡಿಸಿ. ಭಾರವೂ ಸಿಗುತ್ತದೆ, ಕೆರೆಯಲೂ ಆಗುವುದಿಲ್ಲ. ಗೆಲ್ಲಿನ ತುದಿಯನ್ನು ಸಪೂರ ಹಗ್ಗದಲ್ಲಿ ಕಿಟಕಿಯ ಸರಳಿಗೆ ಕಟ್ಟಿ.

ಇನ್ನು ಮುಖ್ಯವಾದ ಮಾತು. ಮರ ನಿಲ್ಲಿಸಿದ ದಿನವೇ ಅಲಂಕಾರ ಮಾಡಬೇಡಿ. ಎರಡು ದಿನ ಹಾಗೇ ಬಿಡಿ. ಬೆಕ್ಕು ಬಂದು ಮೂಸುತ್ತದೆ, ಕೆನ್ನೆ ಉಜ್ಜುತ್ತದೆ, ಒಂದೆರಡು ಸಲ ಹತ್ತಿಯೂ ನೋಡುತ್ತದೆ. ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿದ ಮೇಲೆ ಮರ ಅದಕ್ಕೆ ಮನೆಯದೇ ಒಂದು ವಸ್ತು. ಕುತೂಹಲ ಅರ್ಧ ಇಳಿಯುತ್ತದೆ. ಅಲಂಕಾರ ಶುರು ಮಾಡುವ ಮೊದಲು ಹತ್ತು ನಿಮಿಷ ಬೆಕ್ಕಿನ ಜೊತೆ ಚೆನ್ನಾಗಿ ಆಡಿ, ಆಮೇಲೆ ಊಟ ಹಾಕಿ. ಹೊಟ್ಟೆ ತುಂಬಿದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ. ನಿಮ್ಮ ಕೆಲಸ ಸಲೀಸು.

ಕೆಳಗಿನ ಗೆಲ್ಲುಗಳಿಗೆ ಗಾಜಿನ ಗುಂಡು ಬೇಡ. ಅಲ್ಲಿಗೆ ಅಡಿಕೆ ಹಾಳೆಯಲ್ಲಿ ಕತ್ತರಿಸಿದ ನಕ್ಷತ್ರ, ಬಟ್ಟೆಯ ಗೊಂಬೆ, ಉಜ್ಜಿ ನಯ ಮಾಡಿದ ಗೆರಟೆ ಚೂರು ಕಟ್ಟಿ. ಅವು ಬಿದ್ದರೂ ಒಡೆಯುವುದಿಲ್ಲ. ಬೆಕ್ಕು ಪಂಜದಿಂದ ಒಂದು ಏಟು ಕೊಟ್ಟರೆ ಕೊಡಲಿ, ಅದು ಅದರ ಪಾಲಿನ ಹಬ್ಬ. ಗಾಜಿನವು ಮೇಲಿರಲಿ.

ಜರಿಮಾಲೆಯನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಒಮ್ಮೆ ಬಾಯಿಗೆ ಹೋದ ದಾರವನ್ನು ಅದು ಉಗುಳುವುದು ಕಷ್ಟ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ, ಇನ್ನೊಂದು ತುದಿಯನ್ನು ಕರುಳು ಮುಂದೆ ತಳ್ಳುತ್ತಿರುತ್ತದೆ. ಲಾಡಿ ಎಳೆದಾಗ ಲಂಗ ನೆರಿಗೆ ಬೀಳುವ ಹಾಗೆ ಕರುಳು ಮುದುಡುತ್ತದೆ, ಕೊನೆಗೆ ದಾರ ಅದನ್ನು ಕೊಯ್ಯಲೂಬಹುದು. ಉಡುಗೊರೆಯ ರಿಬ್ಬನ್ನು, ಹೊಲಿಗೆ ನೂಲು, ಮಾಂಸಕ್ಕೆ ಸುತ್ತಿದ ದಾರ ಎಲ್ಲದಕ್ಕೂ ಇದೇ ಮಾತು. ಬೆಕ್ಕಿನ ಬಾಯಿಂದಲೋ ಹಿಂಬದಿಯಿಂದಲೋ ದಾರ ನೇತಾಡುವುದು ಕಂಡರೆ ಯಾವ ಕಾರಣಕ್ಕೂ ಎಳೆಯಬೇಡಿ. ಹಾಗೇ ಡಾಕ್ಟರ ಬಳಿ ಒಯ್ಯಿರಿ.

ಗೋದಲಿ ಕಟ್ಟುವಾಗ

ಬೆಕ್ಕಿಗೆ ಇಡೀ ತಯಾರಿಯಲ್ಲಿ ಅತಿ ಪ್ರಿಯವಾದದ್ದು ಇದೇ. ನಮ್ಮ ಮನೆಯ ಚಿನ್ನಿ ಬೈಹುಲ್ಲಿನ ಕಟ್ಟು ಒಳಗೆ ಬಂದ ಕೂಡಲೇ ಮೂಗು ತೂರಿಸುತ್ತಾಳೆ. ಮೊದಲು ಇಲಿಯ ವಾಸನೆ ಹುಡುಕುತ್ತಾಳೆ. ಆಮೇಲೆ ಮುಂಗಾಲು ಎರಡನ್ನೂ ಬದಲಿಸಿ ಬದಲಿಸಿ ಹುಲ್ಲನ್ನು ತುಳಿದು, ಮೂರು ಸುತ್ತು ತಿರುಗಿ, ಬಾಲವನ್ನು ಮೂಗಿಗೆ ತಂದು ಮಲಗುತ್ತಾಳೆ. ಅಷ್ಟರಲ್ಲಿ ಅಮ್ಮ ಕಟ್ಟುತ್ತಿದ್ದ ಮುಳಿಹುಲ್ಲಿನ ಮಾಡು (ಸೂರು) ಒಂದು ಬದಿಗೆ ವಾಲಿರುತ್ತದೆ.

ಉಪಾಯ ಸುಲಭ. ಬಾಲಯೇಸುವಿನ ಮೂರ್ತಿಯನ್ನು ಹೇಗೂ 24ರ ರಾತ್ರಿಯೇ ಇಡುವುದು. ಅಷ್ಟರ ತನಕ ಗೋದಲಿಯ ತಳ ಖಾಲಿ. ಹಾಗಾದರೆ ಬೆಕ್ಕು ಅಲ್ಲಿ ಮಲಗಲಿ ಬಿಡಿ. ಮಾಡನ್ನು ಬಿದಿರಿನ ಗಟ್ಟಿ ಕಂಬದ ಮೇಲೆ ನಿಲ್ಲಿಸಿ, ಕಂಬದ ಬುಡಕ್ಕೆ ಕಲ್ಲು ಕೊಡಿ. ಕುರಿ, ಕುರುಬ, ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಬೊಂಬೆಗಳ ಅಡಿಗೆ ಹಸಿ ಜೇಡಿಮಣ್ಣಿನ ಉಂಡೆ ಒತ್ತಿ ಕೂರಿಸಿ. ಗೋದಲಿಯ ಪಕ್ಕದಲ್ಲೇ, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ, ಇನ್ನೊಂದು ರಟ್ಟಿನ ಪೆಟ್ಟಿಗೆಗೆ ಅದೇ ಬೈಹುಲ್ಲು ತುಂಬಿಡಿ. ಬೆಕ್ಕು ಎತ್ತರದ ಜಾಗ, ಮೂರು ಕಡೆ ಗೋಡೆ, ಒಂದು ಕಡೆ ನೋಟ ಇರುವ ಕಡೆಗೇ ಹೋಗುತ್ತದೆ. ನಾಲ್ಕು ದಿನದಲ್ಲಿ ಅದು ತಾನಾಗಿ ಅಲ್ಲಿಗೆ ವಾಸ ಬದಲಿಸುತ್ತದೆ. ಆಮೇಲೆ ಗೋದಲಿಗೆ ಬಾಲಯೇಸು ಬಂದರೂ ಜಗಳವಿಲ್ಲ.

ಮಕ್ಕಳು ಜೊತೆಗಿದ್ದರೆ ಈ ಹೊತ್ತಿಗೆ ಹೇಳಲು ಒಂದು ಒಳ್ಳೆಯ ಕತೆಯಿದೆ. ಪಟ್ಟೆ ಬೆಕ್ಕಿನ ಹಣೆಯ ಮೇಲೆ ಇಂಗ್ಲಿಷಿನ 'ಎಂ' ಅಕ್ಷರದ ಗುರುತು ಇರುತ್ತದೆ, ನೋಡಿ. ಗೋದಲಿಯಲ್ಲಿ ಕೂಸು ಚಳಿಗೆ ಅಳುತ್ತಿದ್ದಾಗ ಒಂದು ಪಟ್ಟೆ ಬೆಕ್ಕು ಬಂದು ಪಕ್ಕದಲ್ಲಿ ಮಲಗಿ ಗುರುಗುಟ್ಟಿ ಬೆಚ್ಚಗೆ ಮಾಡಿತಂತೆ. ಯೇಸುವಿನ ತಾಯಿ ಮರಿಯಮ್ಮನವರು ಅದರ ಹಣೆ ಮುಟ್ಟಿ ಹರಸಿ ತಮ್ಮ ಹೆಸರಿನ ಮೊದಲ ಅಕ್ಷರ ಬಿಟ್ಟರಂತೆ. ಯುರೋಪಿನ ಜನಪದರ ಈ ಕತೆ ಬೈಬಲಿನಲ್ಲಿಲ್ಲ. ಆದರೆ ಇದನ್ನು ಕೇಳಿದ ಮಗು ಗೋದಲಿಯಿಂದ ಬೆಕ್ಕನ್ನು ಓಡಿಸುವುದಿಲ್ಲ, ಅದಂತೂ ಖಂಡಿತ.

ದೀಪ ಮತ್ತು ಹೂ

ಸೀರಿಯಲ್ ಲೈಟಿನ ಸಪೂರ ವಯರು ಮರಿಬೆಕ್ಕುಗಳಿಗೆ ಕಚ್ಚಲು ಹೇಳಿ ಮಾಡಿಸಿದ ವಸ್ತು. ನೆಲದ ಮೇಲೆ ಹಾಯುವ ಭಾಗವನ್ನು ಪೈಪಿನ ಒಳಗೆ ತೂರಿಸಿ. ರಾತ್ರಿ ಮಲಗುವಾಗ ಪ್ಲಗ್ ತೆಗೆಯಿರಿ. ಮೊಂಬತ್ತಿಯನ್ನು ಬೆಕ್ಕಿನ ಬಾಲ ತಾಗದಲ್ಲಿ ಇಡಿ, ಜನ ಇಲ್ಲದ ಕೋಣೆಯಲ್ಲಿ ಉರಿಸಬೇಡಿ.

ಹೂವಿನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಕೆಂಪು ಎಲೆಯ ಪಾಯಿನ್ಸೆಟಿಯಾ ಗಿಡಕ್ಕೆ ಎಲ್ಲರೂ ಹೆದರುತ್ತಾರೆ. ಅದರ ಹಾಲು ತಾಗಿದರೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ಅಷ್ಟೇ. ನಿಜವಾದ ಅಪಾಯ ಹೂಗುಚ್ಛದ ಲಿಲ್ಲಿಯಲ್ಲಿದೆ. ಎಲೆ, ದಳ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು, ಯಾವುದು ಸ್ವಲ್ಪ ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಎರಡು ಮೂರು ದಿನದಲ್ಲಿ ಕೆಟ್ಟು ನಿಲ್ಲಬಹುದು. ಬೆಕ್ಕಿರುವ ಮನೆಗೆ ಲಿಲ್ಲಿ ತರಲೇಬೇಡಿ. ಬಾಗಿಲ ಅಲಂಕಾರಕ್ಕೆ ಸೈಕಾಸ್ ಗರಿ ಕಟ್ಟುವವರಿದ್ದಾರೆ. ಅದೂ ವಿಷವೇ. ತೆಂಗಿನ ಎಳೆಗರಿ ಇರುವಾಗ ಅದರ ಹಂಗೇಕೆ?

ಕುಸ್ವಾರಿನ ದಿನಗಳು

ಕುಸ್ವಾರ್ ಅಂದರೆ ಕ್ರಿಸ್ಮಸ್ಸಿನ ತಿಂಡಿಗಳು. ಕಿಡಿಯೊ, ನೆವ್ರಿ, ಗುಲಾಬಿ ಹೂವಿನಚ್ಚಿನ ಕೊಕ್ಕಿಸ್ ಕರಿಯುವ ದಿನ ಬಾಣಲೆ ಒಲೆಯ ಮೇಲಿರುವಷ್ಟು ಹೊತ್ತು ಅಡುಗೆಮನೆಯ ಬಾಗಿಲು ಮುಚ್ಚಿರಬೇಕು. ಇಡೀ ತಯಾರಿಯಲ್ಲಿ ಬೆಕ್ಕನ್ನು ನಿಜವಾಗಿ ಹೊರಗಿಡಬೇಕಾದ ಹೊತ್ತು ಇದೊಂದೇ. ಕಾಲಿಗೆ ಸುತ್ತುವ ಬೆಕ್ಕು ಮತ್ತು ಕುದಿಯುವ ಎಣ್ಣೆ ಒಟ್ಟಿಗೆ ಬೇಡ.

ಹಿಟ್ಟು ಲಟ್ಟಿಸುವಾಗ, ಬಾಚಣಿಗೆಯ ಮೇಲೆ ಕಿಡಿಯೊ ಸುರುಳಿ ಸುತ್ತುವಾಗ ಅದು ಕಿಟಕಿಯ ದಂಡೆಯಲ್ಲಿ ಕೂತು ನೋಡಲಿ. ಸ್ವೀಡನ್ನಿನಲ್ಲಿ ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬಕ್ಕೆ ಕೇಸರಿ ಹಾಕಿದ ಬನ್ ಮಾಡುತ್ತಾರೆ. ಎರಡು ತುದಿ ಸುರುಳಿ ಸುತ್ತಿದ ಆ ಬನ್ನಿಗೆ ಅವರಲ್ಲಿ ಲೂಸಿಯಾ ಬೆಕ್ಕು ಎಂದೇ ಹೆಸರು. ಉಳಿದ ಕಿಡಿಯೊ ಹಿಟ್ಟಿನಲ್ಲಿ ಮಕ್ಕಳಿಗೆ ಅಂಥದ್ದೊಂದು ಮಾಡಿಕೊಡಿ, ಖುಷಿಪಡುತ್ತಾರೆ.

ಬೆಕ್ಕಿನ ಬಾಯಿಗೆ ಸಿಗಬಾರದವು ಇವು: ಕೇಕಿಗೆ ನೆನೆಹಾಕಿದ ಒಣದ್ರಾಕ್ಷಿ, ಚಾಕೊಲೇಟು, ಮನೆಯ ದ್ರಾಕ್ಷಿ ವೈನು, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಮಸಾಲೆ. ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಹಾಗಾಗಿ ಬಫಾತ್ ಎಂಬ ಮಾಂಸದ ಪದಾರ್ಥದ ಗ್ರೇವಿ ಎಷ್ಟೇ ಬೇಡಿದರೂ ಕೊಡಬೇಡಿ. 'ಸಣ್ಣ' ಎಂಬ ಇಡ್ಲಿಯಂಥ ತಿಂಡಿಗೆ ಕಳ್ಳೋ ಯೀಸ್ಟೋ ಹಾಕಿ ಉಬ್ಬಲು ಇಟ್ಟ ಹಿಟ್ಟಿಗೂ ಮುಚ್ಚಳವಿರಲಿ, ಮೇಲೊಂದು ಕಲ್ಲೂ ಇರಲಿ. ಹುದುಗುವ ಹಿಟ್ಟು ಹೊಟ್ಟೆಯೊಳಗೂ ಉಬ್ಬುತ್ತದೆ. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಅದೂ ಬೇಡ.

ಹಾಗಾದರೆ ಬೆಕ್ಕಿನ ಹಬ್ಬದೂಟ? ಮಸಾಲೆ ಹಾಕುವ ಮೊದಲೇ ಕೋಳಿಯ ನಾಲ್ಕು ಮೆತ್ತನೆ ತುಂಡು ತೆಗೆದಿಟ್ಟು, ಉಪ್ಪಿಲ್ಲದೆ ಬೇಯಿಸಿ, ಎಲುಬು ಬಿಡಿಸಿ. ಇಲ್ಲವಾದರೆ ಒಂದು ಬೂತಾಯಿ ಮೀನು ಬೇಯಿಸಿ ಮುಳ್ಳು ತೆಗೆದು ಕೊಡಿ. ಹಾಲು ಬೇಕಾಗಿಲ್ಲ, ದೊಡ್ಡ ಬೆಕ್ಕುಗಳಿಗೆ ಹೆಚ್ಚಾಗಿ ಅದು ಜೀರ್ಣವಾಗುವುದಿಲ್ಲ.

ಹೊಸ ಬಟ್ಟೆ ಯಾರಿಗೆ?

ಐಸ್‌ಲ್ಯಾಂಡಿನಲ್ಲಿ ಯೂಲ್ ಬೆಕ್ಕು ಎಂಬ ದೈತ್ಯ ಬೆಕ್ಕಿನ ಕತೆಯಿದೆ. ಯೂಲ್ ಅಂದರೆ ಉತ್ತರದ ನಾಡುಗಳ ನಡುಚಳಿಗಾಲದ ಹಬ್ಬ, ಮುಂದೆ ಕ್ರಿಸ್ಮಸ್ ಜೊತೆ ಸೇರಿಹೋಯಿತು. ಹಬ್ಬದ ಮುನ್ನಾದಿನದೊಳಗೆ ಒಂದಾದರೂ ಹೊಸ ಬಟ್ಟೆ ಸಿಗದವರನ್ನು ಈ ಬೆಕ್ಕು ತಿಂದುಬಿಡುತ್ತದಂತೆ. ಉಣ್ಣೆಯ ಕೆಲಸವನ್ನು ಹಬ್ಬದೊಳಗೆ ಮುಗಿಸಿದವರಿಗೆ ಹೊಸ ಬಟ್ಟೆ ಸಿಗುತ್ತಿತ್ತು, ಸೋಮಾರಿಗಳನ್ನು ಹೆದರಿಸಲು ಈ ಕತೆ ಹೇಳುತ್ತಿದ್ದರು ಎನ್ನುತ್ತಾರೆ.

ನಮ್ಮಲ್ಲೂ ಹಬ್ಬಕ್ಕೆ ಎಲ್ಲರಿಗೂ ಹೊಸ ಬಟ್ಟೆ ಬೇಕು. ಬೆಕ್ಕಿಗೆ ಮಾತ್ರ ಸಾಂತಾ ಅಂಗಿ, ಟೊಪ್ಪಿ ತೊಡಿಸಬೇಡಿ. ಕಿವಿ, ಮೀಸೆ, ಬಾಲ ಕಟ್ಟಿಹಾಕಿದರೆ ಅದಕ್ಕೆ ಜೀವ ಹೋದ ಹಾಗಾಗುತ್ತದೆ. ಕತ್ತಿಗೆ ರಿಬ್ಬನ್ ಕಟ್ಟಿದರೆ ಎಲ್ಲಾದರೂ ಸಿಕ್ಕಿ ಉಸಿರುಗಟ್ಟೀತು. ಹೊಸ ಬಟ್ಟೆಯಲ್ಲಿ ಒಂದು ಪುಟ್ಟ ದಿಂಬು ಹೊಲಿದು ಅದರ ಪೆಟ್ಟಿಗೆಯಲ್ಲಿಡಿ, ಅದೇ ಅದರ ಉಡುಗೊರೆ. ಆಟಕ್ಕೂ ಏನಾದರೂ ಬೇಕೆಂದರೆ ತೋಟದ ಬದಿಯ ಕುಪ್ಪಿಗಿಡದ ಬೇರು ಕಿತ್ತು ತೊಳೆದು ಒಣಗಿಸಿ, ಗಟ್ಟಿ ಬಟ್ಟೆಯ ಎರಡು ಪದರದಲ್ಲಿ ಹೊಲಿದು ಕೊಡಿ. ಆ ವಾಸನೆಗೆ ಹಲವು ಬೆಕ್ಕುಗಳು ಹೊರಳಾಡುತ್ತವೆ. ಮೂಸಲಿ ಸಾಕು, ಬೇರು ತಿನ್ನಲು ಬಿಡಬೇಡಿ.

24ರ ರಾತ್ರಿ

ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್ ತನಕದ ಸದ್ದು ಕೇಳುತ್ತದೆ. ಬೆಕ್ಕಿನದು 60ನ್ನೂ ದಾಟುತ್ತದೆ. ಕ್ಯಾರೋಲಿನ ಡೋಲು, ಇಗರ್ಜಿಯ ಹತ್ತಿರದ ಪಟಾಕಿ ಅದಕ್ಕೆ ಎಷ್ಟು ಹಿಂಸೆ ಆಗಬಹುದು, ಯೋಚಿಸಿ. ಕತ್ತಲಾಗುವ ಮೊದಲೇ ಬೆಕ್ಕನ್ನು ಒಳಗೆ ಕರೆದು ಊಟ ಹಾಕಿ. ರಸ್ತೆಯಿಂದ ದೂರದ ಕೋಣೆಯಲ್ಲಿ ಅದರ ಪೆಟ್ಟಿಗೆ, ನೀರು, ಹೊಯ್ಗೆಯ ತಟ್ಟೆ, ನಿಮ್ಮ ಮೈವಾಸನೆಯಿರುವ ಹಳೆ ಸೀರೆ ಇಡಿ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಮಂಚದ ಅಡಿಗೆ ಹೋಗಿ ಕೂತರೆ ಎಳೆದು ತರಬೇಡಿ. ನೀವು ನಡುರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಅದು ತಾನೇ ಬರುತ್ತದೆ.

ಹತ್ತಿರದ ಮೃಗಾಸ್ಪತ್ರೆಯ ಡಾಕ್ಟರರ ನಂಬರನ್ನು ಮೊದಲೇ ಕೇಳಿ ಬರೆದಿಡಿ. ಮರುದಿನ ರಜೆ. ಪದೇ ಪದೇ ವಾಂತಿ, ಊಟ ಬಿಟ್ಟು ಮೂಲೆ ಹಿಡಿಯುವುದು, ಬಾಯಿ ತೆರೆದು ಉಸಿರಾಡುವುದು ಕಂಡರೆ ತಡಮಾಡಬೇಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಒಂದು ಮಾತ್ರೆ ಸಾಕು ಬೆಕ್ಕು ಸಾಯಲು.

25ರಂದು ನೆರೆಕರೆಗೆ ಕುಸ್ವಾರ್ ಕೊಡಲು ಹೋಗುವವರು, ಬರುವವರು ಅಂತ ಗೇಟು, ಬಾಗಿಲು ತೆರೆದೇ ಇರುತ್ತದೆ. ಬೆಕ್ಕಿನ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ನೆಂಟರ ಮಕ್ಕಳಿಗೆ ಅದು ಮಲಗಿದಾಗ ಮುಟ್ಟಬಾರದೆಂದು ಮೊದಲೇ ಹೇಳಿ. ಬೆಕ್ಕು ತಾನಾಗಿ ಬಂದು ಮೂಸಿದರೆ ಬೆರಳು ಚಾಚಲಿ, ಕೆನ್ನೆ ತುರಿಸಲಿ.

ಬಿಚ್ಚುವಾಗ

ಜನವರಿ 6ರ ಮೂರು ರಾಯರ ಹಬ್ಬ ಕಳೆದು ಗೋದಲಿ ಬಿಚ್ಚುವ ದಿನ ಬೆಕ್ಕಿನ ಪೆಟ್ಟಿಗೆಯನ್ನು ಮುಟ್ಟಬೇಡಿ. ಎಲ್ಲ ಒಮ್ಮೆಲೇ ಮಾಯವಾದರೆ ಅದು ಎರಡು ದಿನ ಮನೆಯಿಡೀ ಹುಡುಕುತ್ತದೆ. ಮರ ಹೋದ ಒಂದು ವಾರದ ಮೇಲೆ ಪೆಟ್ಟಿಗೆಯನ್ನು ನಿಧಾನಕ್ಕೆ ಅದರ ಹಳೆಯ ಜಾಗಕ್ಕೆ ಸರಿಸಿ. ಅಲಂಕಾರ ತೂಗಿಸಿದ ತಂತಿಯ ಕೊಕ್ಕೆಗಳನ್ನು ಎಣಿಸಿ ಡಬ್ಬಕ್ಕೆ ಹಾಕಿ, ಸೋಫಾದ ಅಡಿ ಒಮ್ಮೆ ಗುಡಿಸಿ. ಉಳಿದ ಗೋಧಿ ಪೈರನ್ನು ಗೆರಟೆಸಮೇತ ಜಗಲಿಯ ಬಿಸಿಲಿಗಿಡಿ. ಇನ್ನೂ ಹತ್ತು ದಿನ ಬೆಕ್ಕಿಗೆ ಮೇವಾಗುತ್ತದೆ.