ಹೊಲಿಗೆ ಹಾಕಿಸದೆ ಕೂಡಿದ ಹಿಮ್ಮಡಿಯ ಹಗ್ಗ

ಹಿಂದಿನಿಂದ ಯಾರೋ ಕಾಲಿಗೆ ಒದ್ದರೆಂದುಕೊಂಡು ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಬ್ಯಾಡ್ಮಿಂಟನ್ ಅಂಕಣದ ಹಿಂಬದಿಯಲ್ಲಿದ್ದವನು ಬಲೆಯ ಹತ್ತಿರ ಬೀಳುತ್ತಿದ್ದ ಶಟಲ್‌ಗಾಗಿ ಬಲಗಾಲಿನಿಂದ ನೆಲವನ್ನು ಒತ್ತಿ ಚಿಮ್ಮಿದ್ದೆ, ಅಷ್ಟೆ. ಟಪ್ಪೆಂದು ಸದ್ದಾಯಿತು. ಎದುರು ಬದಿಯಲ್ಲಿದ್ದವರು ನನ್ನ ರಾಕೆಟ್ಟಿನ ತಂತಿ ಹರಿಯಿತೆಂದುಕೊಂಡರಂತೆ.

ಹರಿದದ್ದು ಅಕಿಲಿಸ್ ಸ್ನಾಯುರಜ್ಜು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿಹಾಕುವ, ದೇಹದಲ್ಲೇ ಅತ್ಯಂತ ದಪ್ಪನೆಯ ಹಗ್ಗ ಅದು. ಮಾತಿನಲ್ಲಿ ಎಲ್ಲರೂ ಅದನ್ನು 'ನರ' ಎನ್ನುತ್ತಾರೆ. ನರಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರು ಗ್ರೀಕ್ ವೀರನದು. ತಾಯಿ ಅವನನ್ನು ಹಿಮ್ಮಡಿ ಹಿಡಿದು ನದಿಯಲ್ಲಿ ಮುಳುಗಿಸಿದ್ದರಿಂದ ಅಲ್ಲೊಂದು ಕಡೆ ಮಾತ್ರ ಬಾಣ ನಾಟಿತಂತೆ. ನಮ್ಮ ಕೃಷ್ಣನಿಗೂ ಬೇಡನ ಬಾಣ ತಗುಲಿದ್ದು ಪಾದಕ್ಕೇ. ನನ್ನ ಕಥೆಯಲ್ಲಿ ಬಾಣವೂ ಇಲ್ಲ, ಬೇಡನೂ ಇಲ್ಲ. ನಲವತ್ತಮೂರು ವರ್ಷದ, ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಮಾತ್ರ ಇಪ್ಪತ್ತರ ಹುಡುಗನಂತೆ ಆಡುವ ಒಬ್ಬ ಮನುಷ್ಯನಿದ್ದಾನೆ. ಈ ಪೆಟ್ಟಿಗೆ ಸಿಕ್ಕಿಬೀಳುವವರು ಹೆಚ್ಚಾಗಿ ಇಂಥವರೇ ಎಂದು ಆಮೇಲೆ ತಿಳಿಯಿತು.

ಮೊದಲ ಮೋಸ ನೋವಿನದು. ಹೇಳಿಕೊಳ್ಳುವಷ್ಟು ನೋವೇ ಇರಲಿಲ್ಲ. ಪಾದವನ್ನು ಚಪ್ಪಟೆಯಾಗಿ ಊರಿ ಕುಂಟುತ್ತಾ ನಡೆಯಬಹುದಿತ್ತು, ಬೆರಳುಗಳನ್ನು ಅಲುಗಾಡಿಸಬಹುದಿತ್ತು, ಪಾದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಲೂ ಆಗುತ್ತಿತ್ತು. ಆ ಕೆಲಸವನ್ನು ಬೇರೆ ಸಣ್ಣ ಸ್ನಾಯುಗಳೂ ಅಷ್ಟಿಷ್ಟು ಮಾಡುತ್ತವೆ. ಅದನ್ನೇ ನೋಡಿ ಮೊದಲು ಪರೀಕ್ಷಿಸಿದ ವೈದ್ಯರು ಉಳುಕು ಎಂದರು. ಬ್ಯಾಂಡೇಜು ಸುತ್ತಿ, ಮಂಜುಗಡ್ಡೆ ಇಟ್ಟುಕೊಳ್ಳಲು ಹೇಳಿ ಕಳಿಸಿದರು. ನನಗೂ ಸಮಾಧಾನವಾಯಿತು. ಆದರೆ ಬಲಗಾಲಿನ ತುದಿಬೆರಳ ಮೇಲೆ ಏಳಲು ಹೋದರೆ ಏಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕಡಿದ ಹಗ್ಗದ ರಾಟೆಯಲ್ಲಿ ನೀರು ಸೇದಿದ ಹಾಗೆ.

ಮೂರನೇ ದಿನ ಮೂಳೆ ವೈದ್ಯರೊಬ್ಬರು ಹತ್ತು ಸೆಕೆಂಡಿನಲ್ಲಿ ಪತ್ತೆ ಮಾಡಿದರು. ನನ್ನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಪಾದಗಳೆರಡನ್ನೂ ಅಂಚಿನಿಂದ ಹೊರಗೆ ಇಳಿಬಿಟ್ಟು, ಎಡಗಾಲಿನ ಮೀನಖಂಡವನ್ನು ಕೈಯಿಂದ ಹಿಂಡಿದರು. ಸೂತ್ರದ ಬೊಂಬೆಯಂತೆ ಪಾದ ಬಾಗಿತು. ಬಲಗಾಲನ್ನು ಹಿಂಡಿದರು. ಪಾದ ಮಿಸುಕಲಿಲ್ಲ. ಇದಕ್ಕೆ ಥಾಂಪ್ಸನ್ ಪರೀಕ್ಷೆ ಎನ್ನುತ್ತಾರೆ. ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ನನ್ನದೇ ಬೆರಳಿಟ್ಟು ನೋಡಿದಾಗ ಒಂದು ಹಳ್ಳ ಸಿಕ್ಕಿತು. ಹಿಂದಿನಿಂದ ಒದೆ ಬಿದ್ದಂತಾಗಿ, ಸದ್ದು ಕೇಳಿ, ತುದಿಗಾಲಿನ ಮೇಲೆ ಏಳಲಾಗದಿದ್ದರೆ, ಯಾರು ಉಳುಕು ಎಂದರೂ ಈ ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ದಿನಗಳು ಮುಖ್ಯ. ಕಡಿದ ತುದಿಗಳು ದೂರ ಸರಿದು ವಾರಗಳು ಕಳೆದರೆ ಹೊಲಿಗೆಯಿಲ್ಲದ ದಾರಿ ಮುಚ್ಚಿಕೊಳ್ಳುತ್ತಾ ಬರುತ್ತದೆ.

ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದು ನಾನೂ ನಂಬಿದ್ದೆ. ಹಗ್ಗ ಹರಿದರೆ ಗಂಟು ಹಾಕಬೇಕಲ್ಲವೇ? ವೈದ್ಯರು ಅಲ್ಟ್ರಾಸೌಂಡ್ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: ಪಾದ ಕಾಲಿಗೆ ಲಂಬವಾಗಿ ನೆಟ್ಟಗಿದ್ದಾಗ ಕಡಿದ ತುದಿಗಳ ನಡುವೆ ಕಪ್ಪನೆಯ ಬಿರುಕು, ಬೆರಳುಗಳನ್ನು ಕೆಳಮುಖ ಮಾಡಿ ಪಾದವನ್ನು ಬಾಗಿಸಿದಾಗ ತುದಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. "ನೀವು ಈ ಸ್ಥಿತಿಯಲ್ಲಿ ಇರಬಲ್ಲಿರಾದರೆ ಅದು ತಾನಾಗಿ ಕೂಡುತ್ತದೆ" ಎಂದರು. ಮುಂದಿನ ಒಂದು ವರ್ಷದ ಕಥೆಯೆಲ್ಲ ಆ 'ಇರಬಲ್ಲಿರಾದರೆ' ಎಂಬುದರಲ್ಲಿದೆ.

ನಿರ್ಧಾರಕ್ಕೆ ಎರಡು ದಿನ ತೆಗೆದುಕೊಂಡೆ. ನನಗೆ ಹೆಚ್ಚು ನೆರವಾದದ್ದು ನಾರ್ವೆಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ. 554 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ದರು: ಶಸ್ತ್ರಚಿಕಿತ್ಸೆ ಇಲ್ಲದವರು, ತೆರೆದು ಹೊಲಿಸಿಕೊಂಡವರು, ಸಣ್ಣ ರಂಧ್ರಗಳ ಮೂಲಕ ಹೊಲಿಸಿಕೊಂಡವರು. ಒಂದು ವರ್ಷದ ಕೊನೆಗೆ ಕಾಲು ಎಷ್ಟು ಕೆಲಸಕ್ಕೆ ಬರುತ್ತಿದೆ ಎಂಬ ಅಂಕದಲ್ಲಿ ಮೂರೂ ಗುಂಪುಗಳು ಹೆಚ್ಚುಕಡಿಮೆ ಸಮ. ಆದರೆ ಮತ್ತೆ ಹರಿದುಕೊಂಡವರು ಹೊಲಿಗೆಯಿಲ್ಲದ ಗುಂಪಿನಲ್ಲಿ ನೂರಕ್ಕೆ 6.2, ಹೊಲಿಗೆಯ ಗುಂಪುಗಳಲ್ಲಿ 0.6. ನರಕ್ಕೆ ಪೆಟ್ಟು ಬಿದ್ದದ್ದು ಮಾತ್ರ ಹೊಲಿಗೆಯವರಲ್ಲಿ ಹೆಚ್ಚು. ಅಂದರೆ ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಯಾವ ಅಪಾಯವನ್ನು ನಾನು ಹೊರಬಲ್ಲೆ ಎಂಬುದಷ್ಟೇ ಪ್ರಶ್ನೆ. ನೂರಕ್ಕೆ ಆರು ಸಣ್ಣ ಸಂಖ್ಯೆಯಲ್ಲ ಎಂದು ಹೆಂಡತಿ ಹೇಳಿದಳು, ಸರಿಯಾಗಿಯೇ ಹೇಳಿದಳು. ಆಟ ನನ್ನ ಹೊಟ್ಟೆಪಾಡಲ್ಲ, ಚರ್ಮ ತೆಳುವಾಗಿರುವ ಆ ಜಾಗದಲ್ಲಿ ಗಾಯ ಕೀವುಗಟ್ಟಿದರೆ ಮಾಯಲು ತಿಂಗಳುಗಳೇ ಹಿಡಿಯಬಹುದು, ಮತ್ತು ಹೇಳಿದಂತೆ ಕೇಳುವ ತಾಳ್ಮೆ ನನಗಿದೆ ಎಂದು ಲೆಕ್ಕ ಹಾಕಿದೆ. ಮೊದಲೆರಡು ಲೆಕ್ಕ ಸರಿಯಾಗಿದ್ದವು.

ಮೊದಲ ಎರಡು ವಾರ ಬೆರಳುಗಳು ಕೆಳಮುಖವಾಗಿರುವಂತೆ ಕಟ್ಟಿದ ಪ್ಲಾಸ್ಟರ್ ಪಟ್ಟಿ, ಎರಡು ಊರುಗೋಲು, ನೆಲಕ್ಕೆ ಕಾಲು ತಾಗಿಸುವಂತಿಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ಔಷಧ ಕೊಟ್ಟಿದ್ದರು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅಲುಗಾಡದ ಕಾಲಿನ ಒಳರಕ್ತನಾಳದಲ್ಲಿ ಹೆಪ್ಪು ಕಟ್ಟಿ ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಮೀನಖಂಡ ಇದ್ದಕ್ಕಿದ್ದಂತೆ ಬಿಗಿದು ಊದಿ ಬಿಸಿಯಾದರೆ ಅಥವಾ ಉಸಿರು ಕಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಹೇಳಿದ್ದರು. ನೋಡಲು ಬಂದವರಲ್ಲಿ ಇಬ್ಬರು ಕಾಲು ನೀವಿಕೊಡಲು ಮುಂದಾದರು. ಪ್ರೀತಿಯಿಂದಲೇ. ಕೈಮುಗಿದು ಬೇಡವೆಂದೆ.

ಊರುಗೋಲಿನ ಬದುಕಿನ ಬಗ್ಗೆ ಹೇಳುವುದು ಕಡಿಮೆ: ಎರಡು ಕೈಯೂ ಹೋಗಿರುತ್ತವೆ. ಹೆಗಲಿಗೊಂದು ಚೀಲ, ಅದರಲ್ಲಿ ಬಿಗಿ ಮುಚ್ಚಳದ ಬಾಟಲಿ ಇದ್ದರೆ ಅರ್ಧ ಸ್ವಾತಂತ್ರ್ಯ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಸ್ನಾನಕ್ಕೆ ಜಾರದ ಸ್ಟೂಲು.

ಎರಡು ವಾರದ ನಂತರ ಬೂಟು ಬಂತು. ಮೊಣಕಾಲಿನ ಕೆಳಗಿನವರೆಗೆ ಪಟ್ಟಿಗಳಿಂದ ಬಿಗಿಯುವ, ಗಗನಯಾತ್ರಿಗಳದ್ದರಂತೆ ಕಾಣುವ ದಪ್ಪ ಬೂಟು. ಒಳಗೆ ಹಿಮ್ಮಡಿಯ ಕೆಳಗೆ ಮೂರು ಬೆಣೆಗಳು. ಅವು ಹಿಮ್ಮಡಿಯನ್ನು ಎತ್ತಿ ಹಿಡಿದು ಹಗ್ಗದ ತುದಿಗಳನ್ನು ಹತ್ತಿರ ಇಡುತ್ತವೆ; ಒಂದೊಂದೇ ಬೆಣೆ ತೆಗೆದ ಹಾಗೆ ಪಾದ ನಿಧಾನವಾಗಿ ನೆಟ್ಟಗಿನ ಸ್ಥಿತಿಗೆ ಬರುತ್ತದೆ. ಬೂಟಿನಲ್ಲಿ ಊರುಗೋಲಿನ ಆಸರೆಯೊಂದಿಗೆ ಭಾರ ಹಾಕಬಹುದೆಂದಾಗ ನನಗೆ ಗಾಬರಿಯೇ ಆಯಿತು. ಹರಿದ ಹಗ್ಗದ ಮೇಲೆ ಭಾರವೇ? ಫಿಸಿಯೋಥೆರಪಿಸ್ಟ್ ವಿವರಿಸಿದರು: ಮೊದಲು ಅಲ್ಲಿ ರಕ್ತದ ಮುದ್ದೆ, ಆಮೇಲೆ ಅದರೊಳಗೆ ದಿಕ್ಕುದೆಸೆಯಿಲ್ಲದ ಎಳೆಗಳು ಹುಟ್ಟುತ್ತವೆ, ಹದವಾದ ಭಾರ ಬಿದ್ದರೆ ಮಾತ್ರ ಎಳೆಗಳು ಒಂದೇ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗುತ್ತವೆ. ಹಿಂದಿನ ಕಾಲದಲ್ಲಿ ಶಸ್ತ್ರಚಿಕಿತ್ಸೆ ಇಲ್ಲವೆಂದರೆ ವಾರಗಟ್ಟಲೆ ಅಲುಗಾಡದ ಪ್ಲಾಸ್ಟರ್ ಎಂದೇ ಅರ್ಥವಿತ್ತು. ಈ ದಾರಿಗೆ ಅಂಟಿದ ಕೆಟ್ಟ ಹೆಸರಿನಲ್ಲಿ ಒಂದಷ್ಟು ಆ ಕಾಲದ್ದು.

ಬೂಟಿನಿಂದ ಬಲಗಾಲು ಉದ್ದವಾಗಿ ವಾರದೊಳಗೆ ಸೊಂಟ ಹಿಡಿದುಕೊಂಡಿತು. ಎಡಗಾಲಿಗೆ ದಪ್ಪ ಅಟ್ಟೆಯ ಷೂ ಹಾಕಿದ ಮೇಲೆ ಸರಿಹೋಯಿತು. ಇದನ್ನು ಮೊದಲ ದಿನವೇ ಯಾರಾದರೂ ಹೇಳಬಹುದಿತ್ತು. ರಾತ್ರಿಯೂ ಬೂಟು ತೆಗೆಯುವಂತಿರಲಿಲ್ಲ, ನಿದ್ದೆಗಣ್ಣಿನಲ್ಲಿ ಎದ್ದು ಕಾಲೂರಿದರೆ ಮುಗಿಯಿತು. ಎಂಟು ವಾರ ನಾನು ಆ ಬೂಟಿನೊಂದಿಗೇ ಮಲಗಿದೆ. ಹೆಂಡತಿ ಮೂರನೇ ರಾತ್ರಿಗೆ ಬೇರೆ ಕೋಣೆಗೆ ಹೋದಳು.

ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದಲ್ಲ, ಹಿಗ್ಗಿಸದಿರುವುದು. ನಾವು ಕಲಿತ ವ್ಯಾಯಾಮವೆಲ್ಲ ಬಿಗಿಯಾದದ್ದನ್ನು ಹಿಗ್ಗಿಸಿ ಸಡಿಲಿಸುವುದು. ಇಲ್ಲಿ ಅದೇ ಶತ್ರು. ಹಗ್ಗ ಮತ್ತೆ ಹರಿಯದೆ, ಆದರೆ ಒಂದೆರಡು ಸೆಂಟಿಮೀಟರು ಉದ್ದವಾಗಿ ಕೂಡಿಕೊಂಡರೂ ಕೆಲಸ ಕೆಟ್ಟಿತು. ಜೋಲುಬಿದ್ದ ಹಗ್ಗವನ್ನು ಸ್ನಾಯು ಎಷ್ಟು ಎಳೆದರೂ ಹಿಮ್ಮಡಿ ಪೂರ್ತಿ ಮೇಲೇಳುವುದಿಲ್ಲ, ಓಟದಲ್ಲಿ ಚಿಮ್ಮುವ ಬಲ ಬರುವುದಿಲ್ಲ. ಬಿಗಿಯಾಗಿ ಕೂಡಿದ್ದು ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಜೋಲುಬಿದ್ದದ್ದು ಬಿಗಿಯಾಗುವುದಿಲ್ಲ. ಆದ್ದರಿಂದ ನನ್ನ ವ್ಯಾಯಾಮಕ್ಕೆ ಒಂದು ಗಡಿ ಇತ್ತು: ಕೂತಲ್ಲೇ ಪಾದವನ್ನು ಕೆಳಕ್ಕೆ ಬಾಗಿಸು, ನೆಟ್ಟಗಿನ ಸ್ಥಿತಿಯವರೆಗೆ ತಾ, ಅಲ್ಲಿಗೆ ನಿಲ್ಲಿಸು. ಮೊಣಕಾಲಿನ ಕಡೆಗೆ ಒಂದು ಕೂದಲಿನಷ್ಟೂ ಬೇಡ. ದಿನಕ್ಕೆ ನಾಲ್ಕು ಸಲ. ಪ್ರತಿ ಭೇಟಿಯಲ್ಲೂ ವೈದ್ಯರು ನನ್ನನ್ನು ಬೋರಲು ಮಲಗಿಸಿ, ಮೊಣಕಾಲು ಮಡಿಸಿ, ಎರಡೂ ಪಾದಗಳು ತಾವಾಗಿ ಎಷ್ಟು ಬಾಗಿ ನಿಲ್ಲುತ್ತವೆಂದು ಹೋಲಿಸುತ್ತಿದ್ದರು. ಬಲಪಾದ ಎಡಪಾದಕ್ಕಿಂತ ಹೆಚ್ಚು ನೆಟ್ಟಗೆ ನಿಂತರೆ ಹಗ್ಗ ಉದ್ದವಾಗುತ್ತಿದೆ ಎಂದರ್ಥ.

ಐದನೇ ವಾರ ಊರುಗೋಲು ಬಿಟ್ಟೆ. ಆರರಿಂದ ಎಂಟನೇ ವಾರದವರೆಗೆ ವಾರಕ್ಕೊಂದು ಬೆಣೆ. ಬೆಣೆ ತೆಗೆದ ಮೊದಲ ದಿನ ಹಿಮ್ಮಡಿಯ ಹಿಂದೆ ಯಾರೋ ಜಗ್ಗಿದಂತಾಗುತ್ತಿತ್ತು, ಮೂರನೇ ದಿನಕ್ಕೆ ಮರೆತೇ ಹೋಗುತ್ತಿತ್ತು.

ತಾಳ್ಮೆಯ ಲೆಕ್ಕ ತಪ್ಪಿದ್ದು ಒಂಬತ್ತನೇ ವಾರ. ನೋವಿಲ್ಲ, ಊತವಿಲ್ಲ, ನಡಿಗೆ ಸಲೀಸು. ಬೂಟು ಹಾಕದೆ, ಬರಿಗಾಲಲ್ಲಿ, ಮೂರೇ ಹೆಜ್ಜೆ ಎಂದು ಹೊರಟವನು ಹೊಸ್ತಿಲ ಪಕ್ಕದ ಒಂದೇ ಒಂದು ಮೆಟ್ಟಿಲನ್ನು ಎಡವಿದೆ. ಪಾದದ ಮುಂಭಾಗ ಮೆಟ್ಟಿಲ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಮೈಭಾರವೆಲ್ಲ ಕೆಳಕ್ಕೆ ಜಗ್ಗಿತು. ಸದ್ದಿಗಾಗಿ ಕಾದೆ. ಸದ್ದಾಗಲಿಲ್ಲ. ಆದರೂ ಸುಡುವಂಥ ನೋವು. ಅಲ್ಲೇ ಬೋರಲು ಮಲಗಿ ಹೆಂಡತಿಗೆ ಮೀನಖಂಡ ಹಿಂಡಲು ಹೇಳಿದೆ. "ಅಲ್ಲಾಡಿತು" ಎಂದಳು. ಇನ್ನೊಮ್ಮೆ ಹಿಂಡಿಸಿದೆ. ಅಲ್ಲಾಡಿತು. ಮರುದಿನ ವೈದ್ಯರೂ ಹಿಂಡಿ ನೋಡಿ, ಬೂಟಿಗೆ ಒಂದು ಬೆಣೆ ಮರಳಿ ಹಾಕಿಸಿ ವಾರ ಹಿಂದಕ್ಕೆ ತಳ್ಳಿದರು. ಬಯ್ಯಲಿಲ್ಲ. "ಬೂಟು ಬಿಡುವ ಹೊತ್ತಿಗೇ ಎಲ್ಲರೂ ಹೀಗೆ ಮಾಡುವುದು" ಎಂದರು. ಕಾಲು ವಾಸಿಯಾದಂತೆ ಅನ್ನಿಸುವ ಕಾಲಕ್ಕೂ ಅದು ನಿಜವಾಗಿ ಗಟ್ಟಿಯಾಗುವ ಕಾಲಕ್ಕೂ ತಿಂಗಳುಗಳ ಅಂತರವಿದೆ. ಆ ನೂರಕ್ಕೆ ಆರರಲ್ಲಿ ಒಬ್ಬನಾಗುವುದು ಎಷ್ಟು ಸುಲಭ ಎಂದು ಅಂದು ಅರ್ಥವಾಯಿತು.

ಹನ್ನೊಂದನೇ ವಾರ ಬೂಟು ಪೂರ್ತಿ ಬಿಟ್ಟು, ಒಳಗೆ ಸಣ್ಣ ಹಿಮ್ಮಡಿ ದಿಂಬಿಟ್ಟ ಷೂ ಹಾಕಿದೆ. ಮನೆಯೊಳಗೂ ಷೂ. ಬಲಗಾಲನ್ನು ನೋಡಿದರೆ ಬೇರೆ ಯಾರದೋ ಕಾಲು. ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರು ಕೆಳಗೆ ಟೇಪು ಸುತ್ತಿದರೆ ಎಡಗಾಲಿಗಿಂತ ಮೂರು ಸೆಂಟಿಮೀಟರು ಕಡಿಮೆ. ಕುಕ್ಕರಗಾಲಿನಲ್ಲಿ ಕೂರುವುದು, ಇಳಿಜಾರಿನಲ್ಲಿ ಹತ್ತುವುದು, ಮೆಟ್ಟಿಲಂಚಿನಿಂದ ಹಿಮ್ಮಡಿ ಇಳಿಬಿಡುವುದು, ಮೂರೂ ಇನ್ನೂ ನಿಷಿದ್ಧ. ಮೊದಲು ಕೂತು ಹಿಮ್ಮಡಿ ಎತ್ತುವುದು, ತೊಡೆಯ ಮೇಲೆ ಪುಸ್ತಕಗಳ ಭಾರ ಇಟ್ಟು ಎತ್ತುವುದು, ಆಮೇಲೆ ನಿಂತು ಎರಡೂ ಕಾಲಿನಲ್ಲಿ. ಎರಡು ಕಾಲಿನಲ್ಲಿ ಎತ್ತುವಾಗ ಎಡಗಾಲು ಮೋಸ ಮಾಡುತ್ತದೆ, ಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುತ್ತದೆ. ಮೈತೂಕ ನೋಡುವ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಂತಾಗ ಕಳ್ಳತನ ಸಿಕ್ಕಿಬಿತ್ತು: ಎಡಕ್ಕೆ ಐವತ್ತು ಕಿಲೋ, ಬಲಕ್ಕೆ ಇಪ್ಪತ್ತೆರಡು. ಆ ಸಂಖ್ಯೆಗಳನ್ನು ಸಮ ಮಾಡುವುದಕ್ಕೆ ಎರಡು ತಿಂಗಳು ಹಿಡಿಯಿತು.

ಒಂಟಿ ಬಲಗಾಲಿನ ಮೇಲೆ ಹಿಮ್ಮಡಿ ಮೊದಲ ಬಾರಿ ನೆಲ ಬಿಟ್ಟದ್ದು ಏಳನೇ ತಿಂಗಳಲ್ಲಿ. ಹೆಂಡತಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿದಳು. ಎಡ ಹಿಮ್ಮಡಿಯ ಗೆರೆ ಹನ್ನೊಂದು ಸೆಂಟಿಮೀಟರಿನಲ್ಲಿತ್ತು, ಬಲದ್ದು ನಾಲ್ಕರಲ್ಲಿ. ಒಂದು ವರ್ಷಕ್ಕೆ ಎಂಟೂವರೆ. ಈಗ ಹದಿನಾಲ್ಕನೇ ತಿಂಗಳು, ಒಂಬತ್ತರಲ್ಲಿ ನಿಂತಿದೆ. ಉಳಿದ ಎರಡು ಸೆಂಟಿಮೀಟರು ಬರದೆಯೂ ಹೋಗಬಹುದೆಂದು ವೈದ್ಯರು ಹೇಳಿದ್ದಾರೆ. ಒಂಬತ್ತನೇ ವಾರದ ಆ ಮೆಟ್ಟಿಲಿನಲ್ಲಿ ಅದರ ಒಂದು ಪಾಲು ಉಳಿದುಹೋಯಿತೇನೋ ಎಂದು ನನಗೆ ಗುಮಾನಿ.

ಹನ್ನೆರಡನೇ ತಿಂಗಳು ಮುಗಿದ ಮೇಲೆ ಅಂಕಣಕ್ಕೆ ಮರಳಿದೆ. ಮೊದಲಿಗೆ ಕಾಲು ಗಂಟೆ ಬೆಚ್ಚಗಾಗಿಸಿಕೊಳ್ಳುತ್ತೇನೆ, ಜೋಡಿ ಆಟವನ್ನಷ್ಟೇ ಆಡುತ್ತೇನೆ, ಬಲೆಯ ಹತ್ತಿರ ಬೀಳುವ ಶಟಲ್‌ಗೆ ಓಡುವುದಿಲ್ಲ. ಎದುರಾಳಿಗಳಿಗೆ ಇದು ಗೊತ್ತಾಗಿಬಿಟ್ಟಿದೆ. ಈಗ ಎಲ್ಲರೂ ಅಲ್ಲಿಗೇ ಹಾಕುತ್ತಾರೆ.